ಗಾಡಿ ಮನೆ ಮುಟ್ಟಲಿ

ಸೇತುವೆಯ ಮೇಲೆ ಗುಂಡು ಹಾರಿತು. ಮುಂದಿನ ಸಾಲಿನಲ್ಲಿ ಸಾಹುಕಾರ ಸತ್ತಿದ್ದ. ಸೊಸೆ ಆ ಸಾಲನ್ನು ಗಟ್ಟಿಯಾಗಿ ಓದಲಿಲ್ಲ. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅತ್ತೆ ಕಾಯುತ್ತಿದ್ದರು. ಪತ್ತೇದಾರಿ ಕಾದಂಬರಿಯ, ಕುದುರೆಗಾಡಿಯ ಕಾಲದ ಆ ಸಾಹುಕಾರ ಹೊಟ್ಟೆಪಾಡಿಗಲ್ಲ, ಬರೀ ಶೋಕಿಗೆ ಕೊಲೆಗಾರರನ್ನು ಪತ್ತೆ ಹಚ್ಚುತ್ತಿದ್ದವನು. ಎಣ್ಣೆ ಸೀಗೇಕಾಯಿಯಂತಿದ್ದ ಅತ್ತೆ ಸೊಸೆಯರನ್ನು ಒಂದೇ ಮಂಚದ ಮೇಲೆ ಕೂರಿಸಿದವನೂ ಅವನೇ. ಇದು ಅವನ ಸರಣಿಯ ಕೊನೆಯ ಪುಸ್ತಕ.

"ಗುಂಡು ಅವನ ಬೆಳ್ಳಿ ಹಿಡಿಯ ಬೆತ್ತಕ್ಕೆ ತಾಗಿ ಹೊಳೆಗೆ ಬಿತ್ತು," ಎಂದು ಸೊಸೆ ಓದುವ ದನಿಯಲ್ಲೇ ಹೇಳಿದಳು. ಮಾತು ತಾನಾಗಿ ಮುಂದೆ ಹರಿಯಿತು. ಸೇತುವೆಯ ಮಂಜು ಮಧ್ಯಾಹ್ನದ ಕೋಣೆಗೆ ಇಳಿದು ಪರದೆಯನ್ನು ಅಲುಗಿಸಿದಂತಾಯಿತು. ಸಾಹುಕಾರ ಟೋಪಿ ತೆಗೆದು ಮಂಚದ ಕಾಲ ಬಳಿ ನಿಂತಂತಾಯಿತು. ಕೊಲೆಗಾರ ಸಿಕ್ಕಿಬಿದ್ದ. ಕುದುರೆಗಾಡಿ ಮನೆಯ ಕಡೆ ತಿರುಗಿತು.

"ಅವನು ಸತ್ತುಹೋದ, ಅಲ್ವಾ?" ಅತ್ತೆ ಮೆಲ್ಲಗೆ ಕೇಳಿದರು.

ಸೊಸೆ ಬೆಚ್ಚಿದಳು. "ನಿಮಗೆ ಯಾರು ಹೇಳಿದ್ರು?"

"ಆವಾಗಿಂದ ಓದ್ತಾನೇ ಇದ್ದೀಯ. ಒಂದು ಪುಟ ತಿರುಗಿಸಿದ ಸದ್ದೂ ಇಲ್ಲ."

ಸೊಸೆ ಪುಸ್ತಕ ಮುಚ್ಚಹೋದಳು. ಅತ್ತೆಯ ಕೈ ತಡಕಾಡಿಕೊಂಡು ಬಂದು ಅವಳ ಮಣಿಕಟ್ಟನ್ನು ಹಿಡಿಯಿತು.

"ಮುಚ್ಚಬೇಡ. ಗಾಡಿ ಮನೆ ಮುಟ್ಟಲಿ. ಆದ್ರೆ ನಡುನಡುವೆ ಪುಟ ತಿರುಗಿಸ್ತಾ ಇರು. ಇಲ್ಲಾಂದ್ರೆ ನಂಬೋಕೆ ಕಷ್ಟ ಆಗುತ್ತೆ."