ನಾಲಿಗೆಯ ಕಡೆ

ಆ ಬಾಯಿಯನ್ನು ಕಂಡೊಡನೆ ಅವಳಿಗೆ ವಾಕರಿಕೆ ಬಂತು. ಕೈಯಲ್ಲಿದ್ದ ಬಿಸ್ಕತ್ತನ್ನು ಕಸದ ಬುಟ್ಟಿಗೆ ಎಸೆದು, ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

ಬಾಯಿ ಇದ್ದದ್ದು ಕಂಪ್ಯೂಟರಿನ ಪರದೆಯ ಮೇಲೆ. ಹಲ್ಲಿನ ವೈದ್ಯರು ಸ್ಕ್ಯಾನ್ ಮಾಡಿ ಕಳಿಸುತ್ತಾರೆ; ಅದಕ್ಕೆ ತಕ್ಕಂತೆ ಹಲ್ಲಿಗೆ ತೊಡಿಸುವ ಕ್ಯಾಪುಗಳನ್ನು ಈ ಲ್ಯಾಬಿನಲ್ಲಿ ರೂಪಿಸಬೇಕು. ಯಾರ ಬಾಯಿ ಎಂದು ಇರುವುದಿಲ್ಲ, ಸಂಖ್ಯೆ ಮಾತ್ರ. ಈ ಬಾಯಿಯ ಮೇಲುಸಾಲಿನಲ್ಲಿ ಮುಂದಿನ ಮೂರು ಹಲ್ಲುಗಳನ್ನು ವೈದ್ಯರು ಅರೆದು ಮೋಟು ಮಾಡಿದ್ದರು. ಉಳಿದವು ಬುಡದಲ್ಲಿ ಕಪ್ಪು, ನಡುವೆ ಹಳದಿ, ಒಸಡಿನಂಚಿಗೆ ಪಾಚಿಯಂಥ ಪದರ. ಕೆಳಸಾಲಿನ ಒಂದು ಹಲ್ಲಿನ ತುದಿಯಲ್ಲಿ ಸಣ್ಣದೊಂದು ಕಚ್ಚು ಬಿದ್ದಿತ್ತು.

"ದೇವರು ಕೊಟ್ಟ ಬಾಯನ್ನ ಹೀಗಾ ಇಟ್ಕೊಳ್ಳೋದು? ಥೂ!"

ಕ್ಯಾಪು ಸುಡುವ ಕುಲುಮೆಯನ್ನು ನೋಡಿಕೊಳ್ಳುವ ಹಿರಿಯ ಬಂದು ಇಣುಕಿದ. ಅವನನ್ನು ಎಲ್ಲರೂ ಕುಲುಮೆಯಣ್ಣ ಎನ್ನುತ್ತಿದ್ದರು.

"ಆ ಕಚ್ಚು ನೋಡಮ್ಮ. ಪೈಪು ಕಚ್ಚಿ ಕಚ್ಚಿ ಸವೆದಿರೋದು. ಯಾರೋ ದೊಡ್ಡ ಸಾಹೇಬ್ರು. ಹೊಗೆ ಬಿಟ್ಟೂ ಬಿಟ್ಟೂ ಒಳಗೆಲ್ಲ ಚಿಮಣಿ ಆಗಿದೆ."

"ಸಾಹೇಬ್ರ ಹೆಂಡ್ತಿ ಪಾಡು ಯಾರಿಗೂ ಬೇಡ ಅಣ್ಣ."

ಇಬ್ಬರೂ ನಕ್ಕರು. ಅಲ್ಲಿಗೆ ಆ ಬಾಯಿಗೆ 'ಪೈಪು ಸಾಹೇಬ' ಎಂದು ನಾಮಕರಣವಾಯಿತು.

ಮೋಟು ಹಲ್ಲಿನ ಸುತ್ತ, ಕ್ಯಾಪಿನ ಅಂಚು ಕೂರುವಲ್ಲಿ, ಒಂದು ಗೆರೆ ಎಳೆಯುವುದು ಅವಳ ಕೆಲಸ. ಗೆರೆ ಹಲ್ಲಿನ ಮೈಗೇ ಅಂಟಿಕೊಂಡು ಸಾಗಬೇಕು. ಒಂದು ಚುಕ್ಕೆ ಇಟ್ಟು, ಮಾದರಿಯನ್ನು ತಿರುಗಿಸಿ, ಇನ್ನೊಂದು ಇಟ್ಟು, ಹಿಂದೆ ನಾಲಿಗೆಯ ಕಡೆಯಿಂದ ಸುತ್ತಿ ಬರಬೇಕು. ತಿರುಗಿಸದೆ ಎದುರಿನಿಂದಲೇ ಎಳೆದುಬಿಟ್ಟರೂ ಪರದೆಯ ಮೇಲೆ ಗೆರೆ ಮುದ್ದಾಗಿಯೇ ಕಾಣುತ್ತದೆ. ಹಿಂದೆ ಮಾತ್ರ ಅದು ಹಲ್ಲಿನ ಮೈ ಬಿಟ್ಟು ಗಾಳಿಯಲ್ಲಿ ತೂಗುತ್ತಿರುತ್ತದೆ; ಕ್ಯಾಪಿನ ಅಂಚೂ ಹಾಗೇ ಹೊರಚಾಚುತ್ತದೆ.

ಅವಳು ಒಮ್ಮೆ ತಿರುಗಿಸಿದಳು. ನಾಲಿಗೆಯ ಕಡೆ ಗಾರೆ ಮೆತ್ತಿದಂತೆ ಗಟ್ಟಿಕಟ್ಟಿದ ಕೊಳೆ. ಕೆಳಗಿನ ಸಂದಿಯಲ್ಲಿ ಸಿಕ್ಕಿಕೊಂಡ ಯಾವುದೋ ನೀಲಿ ಎಳೆ. ಏನು ತಿಂದಿದ್ದನೋ! ಇಲ್ಲದ ವಾಸನೆ ಮೂಗಿಗೆ ಬಡಿದಂತಾಗಿ ಥಟ್ಟನೆ ಮಾದರಿಯನ್ನು ಮುಂದಕ್ಕೆ ತಿರುಗಿಸಿದಳು.

ಅಷ್ಟರಲ್ಲಿ ಫೋನು ಮಿಣುಕಿತು. ಅವಳು ಮದುವೆಯಾಗಬೇಕೆಂದಿದ್ದ ಹುಡುಗ ಬರೆದಿದ್ದ. "ನಿಮ್ಮಮ್ಮಂಗೆ ನಾವು ಹಿಡಿಸಿಲ್ಲ ಅಂತ ನಮ್ಮಮ್ಮ ಬೇಜಾರಾಗಿದಾರೆ. ಇನ್ನೊಂದು ಸಲ ಬರ್ತೀವಿ. ಆಗ್ಲೂ ನಿಮ್ಮಮ್ಮ ಹಾಗೇ ಮುಖ ಗಂಟಿಕ್ಕಿಕೊಂಡು ಕೂತ್ರೆ ಈ ಸಂಬಂಧ ಬೇಡ ಅಂತಾರೆ."

ಇದ್ದಬದ್ದ ತಾಳ್ಮೆಯೂ ಹೋಯಿತು. ಅವಳು ಎದುರಿನಿಂದಲೇ ಮೂರು ಹಲ್ಲಿಗೂ ಗೆರೆ ಎಳೆದು ಮುಗಿಸಿದಳು.

"ಹಿಂದೆ ನೋಡಿದ್ಯೇನಮ್ಮ?" ಎಂದ ಕುಲುಮೆಯಣ್ಣ.

"ಮುಂದಿನಿಂದ ಚೆನ್ನಾಗಿ ಕಂಡ್ರೆ ಸಾಕು ಬಿಡಿ. ಸಾಹೇಬ್ರ ನಾಲಿಗೆ ತಾನೇ? ಗೀರಿದ್ರೆ ಗೀರ್ಲಿ."

ಮನೆಗೆ ಬಂದಾಗ ಅಮ್ಮ ಕಿಟಕಿಯ ಬಳಿ ಕುಳಿತು ಮಗಳ ಹೊಸ ಉಡುಪಿಗೆ ಅಂಚು ಹೊಲಿಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಹೊಲಿಗೆಯೇ ಅವಳಿಗೆ ಆಸರೆ. ಅವಳು ನಕ್ಕದ್ದನ್ನು ಆಮೇಲೆ ಯಾರೂ ಕಂಡಿರಲಿಲ್ಲ. ಹುಡುಗನ ಕಡೆಯವರು ಬಂದಾಗಲೂ ತುಟಿ ಪಿಟಕ್ಕೆನ್ನದೆ, ತಲೆಯಾಡಿಸಿಯೇ ಉತ್ತರ ಕೊಟ್ಟಿದ್ದಳು. ಈಚೆಗಂತೂ ಮಗಳ ಜೊತೆ ಊಟಕ್ಕೂ ಕೂರುತ್ತಿರಲಿಲ್ಲ.

"ಅವರ ಮುಂದೆ ಒಂದು ಮಾತಾದ್ರೂ ಆಡಬಾರ್ದೇನಮ್ಮ?"

ಅಮ್ಮ ಗೋಡೆಯ ಕಡೆ ತಿರುಗಿ ದಾರ ಕಡಿದಳು. "ಬಾಯಿ ಬಿಟ್ರೆ ಬಣ್ಣಗೇಡು ಕಣೆ."

"ನಿಂಗೆ ಅವರು ಇಷ್ಟ ಇಲ್ಲ. ನೇರವಾಗಿ ಹೇಳ್ಬಿಡು."

"ನಾನು ನಿನ್ನ ಚಿಕ್ಕಮ್ಮನ ಮನೆಗೆ ಹೋಗಿ ಬರ್ತೀನಿ."

ಮದುವೆಯ ಮಾತು ಬಂದಾಗಲೆಲ್ಲ ಅಮ್ಮನಿಗೆ ಬೇರೆ ಊರಿನ ತಂಗಿ ನೆನಪಾಗುತ್ತಿದ್ದಳು.

ಅಮ್ಮ ತಂಗಿಯ ಮನೆಯಿಂದ ಮರಳಿದ ದಿನವೇ ಹುಡುಗನ ಕಡೆಯವರು ಮತ್ತೆ ಬಂದರು. ಅವಳು ಹೊಸ ಉಡುಪು ತೊಟ್ಟು ಅಡುಗೆಮನೆಯಲ್ಲಿ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದಳು. ಹೊರಗೆ ಹುಡುಗನ ಅಪ್ಪ ಏನೋ ತಮಾಷೆ ಮಾಡಿದ. ಅವಳು ಕಣ್ಣು ಮುಚ್ಚಿ ದೇವರನ್ನು ನೆನೆದಳು.

ಆಮೇಲೆ ಕೇಳಿಸಿದ್ದು ನಗು. ಬಾಯ್ತುಂಬ, ಮನೆತುಂಬ ಹರಡಿದ ನಗು. ಅಮ್ಮನದು.

"ಅಯ್ಯೋ ಬೀಗಿತ್ತಿಯವ್ರೇ, ಇಷ್ಟು ಚೆಂದದ ನಗು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?" ಹುಡುಗನ ತಾಯಿಯ ದನಿ. ಬೀಗಿತ್ತಿ ಎಂದಳು! ಅಂದರೆ ಮದುವೆ ಗಟ್ಟಿಯಾದ ಹಾಗೆ.

ಲೋಟ ಕೊಂಡೊಯ್ಯಲು ಅಮ್ಮ ಒಳಗೆ ಬಂದಾಗ ಮಗಳು ಅವಳನ್ನು ತಬ್ಬಿಕೊಂಡಳು. "ನಿಂಗೆ ಅವರು ಇಷ್ಟ ಇಲ್ಲ ಅಂದ್ಕೊಂಡಿದ್ನಲ್ಲಮ್ಮ!"

"ಹುಚ್ಚಿ. ಇಷ್ಟ ಇದ್ರೆ ಸಾಕಾ? ನಗೋಕೆ ಬಾಯಿ ಬೇಡ್ವಾ?"

ಮಗಳ ತೋಳಂಚಿನಲ್ಲಿ ದಾರವೊಂದು ಬಿಟ್ಟುಕೊಂಡಿತ್ತು. ಅಮ್ಮ ಎಂದಿನ ಅಭ್ಯಾಸದಂತೆ ಬಗ್ಗಿ ಅದನ್ನು ಕಚ್ಚಿದಳು. ನೀಲಿ ದಾರ ಕೆಳಸಾಲಿನ ಹಲ್ಲಿನ ಸಣ್ಣ ಕಚ್ಚಿನಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ಮೇಲೆ ಮೂರು ಹೊಸ ಹಲ್ಲುಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಮುಂದಿನಿಂದ ಚೆನ್ನಾಗಿ ಕಾಣುತ್ತಲ್ವಾ? ಚಿಕ್ಕಮ್ಮ ತೋರಿಸಿದ ಡಾಕ್ಟರು ಹಾಕಿದ್ದು," ಎಂದು ಅಮ್ಮ ಮತ್ತೆ ನಕ್ಕಳು. "ಹಿಂದುಗಡೆ ನಾಲಿಗೆಗೆ ಒಂಚೂರು ಗೀರುತ್ತೆ, ಅಷ್ಟೇ."