ಪ್ರಯಾಣಿಕರ ಅಹವಾಲು

ರಾಜಧಾನಿಗೆಲ್ಲ ಹೊಗೆಯಿಲ್ಲದ ಎಲೆಕ್ಟ್ರಿಕ್ ಬಸ್ ಬಿಡುತ್ತಾರಂತೆ, ಜನ ಕಡಿಮೆಯಿರುವ ಮಾರ್ಗಗಳನ್ನು ನಿಲ್ಲಿಸಿಬಿಡುತ್ತಾರಂತೆ ಎಂದು ಕೇಳಿ ಗಾರ್ಮೆಂಟ್ಸ್ ಕೆಲಸದ ಪುಟ್ಟಲಿಂಗಮ್ಮ ಗಾಬರಿಯಾದಳು. ಊರಂಚಿನ ಅವಳ ಬಡಾವಣೆಗೆ ಬರುತ್ತಿದ್ದುದೇ ಒಂದು ಬಸ್ಸು. ಹತ್ತು ಗಂಟೆಗೆ ಸಾರಿಗೆ ಕಚೇರಿಯಲ್ಲಿ ಪ್ರಯಾಣಿಕರ ಅಹವಾಲು ಕೇಳುತ್ತಾರೆಂದು ತಿಳಿದು, ಮನವಿಗೆ ಅರವತ್ತು ಹೆಂಗಸರ ಸಹಿ ಹಾಕಿಸಿಕೊಂಡು, ಕೆಲಸಕ್ಕೆ ರಜೆ ಹೇಳಿ, ಆ ದಿನ ಬೆಳಿಗ್ಗೆ ಏಳಕ್ಕೇ ಸ್ಟಾಪಿನಲ್ಲಿ ನಿಂತಳು.

ಬಸ್ಸು ಬಂದದ್ದು ಎಂಟೂವರೆಗೆ. ಮಾರ್ಕೆಟ್ಟಿನಲ್ಲಿ ಇಳಿದು ಇನ್ನೊಂದು ಹತ್ತಿದರೆ ಅದು ಫ್ಲೈಓವರ್ ಮೇಲೆ ಕೆಟ್ಟು ನಿಂತಿತು. ಉಳಿದ ದಾರಿಯನ್ನು ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು.

ಕಚೇರಿಯ ಅಂಗಳದ ತುಂಬ ಕಾರುಗಳು. ಒಳಗೆ ಸಾಹೇಬರೆಲ್ಲ ನಗುತ್ತಾ ಕಾಫಿ ಕುಡಿಯುತ್ತಿದ್ದರು.

"ಸಭೆ ಮುಗೀತಲ್ಲಮ್ಮ," ಎಂದ ಗುಮಾಸ್ತ, ಫೈಲು ಕಟ್ಟುತ್ತಾ.

"ಬಸ್ಸೇ ಸಿಗಲಿಲ್ಲ ಸಾರ್," ಎಂದಳು ಏದುಸಿರು ಬಿಡುತ್ತಾ. "ನಮ್ಮ ಬಡಾವಣೆ ಬಸ್ಸು ಏನಾಯ್ತು, ಅಷ್ಟಾದ್ರೂ ಹೇಳಿ."

ಅವನು ಹಾಳೆ ತಿರುವಿ ಓದಿದ: "ಪ್ರಯಾಣಿಕರು ಯಾರೂ ಹಾಜರಾಗಿಲ್ಲವಾದ್ದರಿಂದ, ಈ ಮಾರ್ಗದಲ್ಲಿ ಬಸ್ಸಿನ ಅಗತ್ಯ ಯಾರಿಗೂ ಇಲ್ಲವೆಂದು ತೀರ್ಮಾನಿಸಲಾಗಿದೆ."