ಎರಡು, ನಾಲ್ಕು, ಆರು

ಕಣ್ಣು ಹೋದ ಮೇಲೂ ಗಣಿತದ ಮೇಷ್ಟ್ರು ಪಟ್ಟು ಬಿಡಲಿಲ್ಲ. ಒಂದು ಅವಿಭಾಜ್ಯ ಸಂಖ್ಯೆಯಿಂದ ಮುಂದಿನದಕ್ಕೆ ಇರುವ ಅಂತರಗಳಲ್ಲಿ ಏನೋ ಒಂದು ಕ್ರಮ ಇದ್ದೇ ಇದೆ ಎಂದು ನಲವತ್ತು ವರ್ಷದಿಂದ ಹುಡುಕುತ್ತಿದ್ದರು. ಈಗ ದಿನಾ ಮಧ್ಯಾಹ್ನ ಹೆಂಡತಿ ಪಕ್ಕದಲ್ಲಿ ಕೂತು, ಹೂ ಕಟ್ಟುತ್ತಲೇ ದಪ್ಪ ಕೋಷ್ಟಕದ ಪುಸ್ತಕದಿಂದ ಅಂತರಗಳನ್ನು ಓದಿ ಹೇಳುತ್ತಿದ್ದಳು.

“ಪುಸ್ತಕ ಇನ್ನೆಷ್ಟಿದೆಯೇ? ಅದು ಮುಗಿದ ದಿನ ನನ್ನ ಕಥೆಯೂ ಮುಗೀತು.”

“ಬೇಕಾದಷ್ಟಿದೆ ಬಿಡ್ರಿ. ಎರಡು, ನಾಲ್ಕು, ಆರು, ನಾಲ್ಕು, ಎರಡು…”

ಮೇಷ್ಟ್ರು ತಟ್ಟನೆ ಎದ್ದು ಕೂತರು. “ತಡಿ! ಈ ಸಾಲು ವಾರದಿಂದ ಮತ್ತೆ ಮತ್ತೆ ಬರ್ತಿದೆ. ಕ್ರಮ ಸಿಕ್ತು ಕಣೇ! ನಾಳೆನೇ ವಿಶ್ವವಿದ್ಯಾಲಯಕ್ಕೆ ಕಾಗದ ಬರೆದು ಹಾಕು.”

ಅವಳು ಬಿಕ್ಕಿದ್ದು ಕೇಳಿಸಿತು.

“ಅಳ್ತಾರೇನೇ ಹುಚ್ಚಿ, ಇಂಥ ದಿನ?” ಎನ್ನುತ್ತ ಅವಳ ಕೈಗಾಗಿ ತಡಕಾಡಿದರು. ಪುಸ್ತಕ ಇರಬೇಕಾದ ಮಡಿಲಲ್ಲಿ ಬರೀ ಹೂಮಾಲೆ ಸಿಕ್ಕಿತು. ಅಭ್ಯಾಸಬಲದಿಂದ ಬೆರಳುಗಳು ಎಣಿಸತೊಡಗಿದವು. ಒಂದು ಸೇವಂತಿಗೆಗೂ ಮುಂದಿನ ಸೇವಂತಿಗೆಗೂ ನಡುವೆ ಎರಡು ಮಲ್ಲಿಗೆ, ಆಮೇಲೆ ನಾಲ್ಕು, ಆಮೇಲೆ ಆರು, ನಾಲ್ಕು, ಎರಡು.